ತೋಪಿನ ನೆಲದಲ್ಲಿ ತೊಟ್ಟಿಲು!

ಮೊದಲು ಒಂದು ಒಗಟು. ಬೆಂಗಳೂರಿನ ನಟ್ಟನಡುವೆ, ನೆಲದಡಿ, ಸುಮಾರು ಎರಡು ಟನ್ ಕಬ್ಬಿಣ ಬಿದ್ದಿತ್ತು. ಇನ್ನೂರು ವರ್ಷ! ಮೇಲೆ ಬಸ್ಸು ಓಡಿದವು, ಸಂತೆ ನೆರೆಯಿತು, ಬಾಣಂತಿಯರು ಕೂಸು ಎತ್ತಿಕೊಂಡು ಮನೆಗೆ ನಡೆದರು. ಕೆಳಗೆ ಏನಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಏನಿರಬಹುದು ಹೇಳಿ ನೋಡೋಣ!

ಹಳೇ ನೀರಿನ ಪೈಪು? ಅಲ್ಲ. ರೈಲು ಹಳಿ? ಅಲ್ಲವೇ ಅಲ್ಲ!

ತೋಪುಗಳು ಸ್ವಾಮಿ, ತೋಪುಗಳು! 2012ರಲ್ಲಿ ಮೆಟ್ರೋ ಕೆಲಸದವರು ಕೆ.ಆರ್. ಮಾರುಕಟ್ಟೆ ಹತ್ತಿರ ಅಗೆಯುತ್ತಿದ್ದರು. ಹಾರೆಗೆ ಸಿಕ್ಕಿದ್ದು ಕಲ್ಲಲ್ಲ, ಕಬ್ಬಿಣ. ಮಣ್ಣು ಸರಿಸಿದರೆ ಎರಡು ದೈತ್ಯ ತೋಪು! ಒಂದೊಂದೂ ಹತ್ತಿರಹತ್ತಿರ ಒಂದು ಟನ್ ತೂಕ. ಜೊತೆಗೆ ಗುಂಡುಗಳು ಬೇರೆ! ಟಿಪ್ಪು ಸುಲ್ತಾನನ ಕಾಲದವು.

ಪಕ್ಕದಲ್ಲೇ ಇರುವ ಕಟ್ಟಡ ಯಾವುದು ಗೊತ್ತೆ? ವಾಣಿವಿಲಾಸ ಆಸ್ಪತ್ರೆ. ಹೆರಿಗೆ ಆಸ್ಪತ್ರೆ! ಕೆಳಗೆ ತೋಪು, ಮೇಲೆ ತೊಟ್ಟಿಲು! ಕಥೆ ಬರೆಯುವವರು ಹೀಗೆ ಬರೆದರೆ ಇದು ಅತಿಯಾಯಿತು ಎನ್ನುತ್ತೇವೆ. ಬೆಂಗಳೂರು ಮಾತ್ರ ಯಾವ ಸಂಕೋಚವೂ ಇಲ್ಲದೆ ಹೀಗೇ ಬದುಕಿಕೊಂಡಿದೆ.

‘ಬೆಂಗಳೂರಿನ ತೋಪಿಗೂ ನಮ್ಮ ಕೊಳ್ಳೇಗಾಲಕ್ಕೂ ಏನು ಸಂಬಂಧ’ ಅಂತೀರಾ? ತಾಳಿ. ಈ ಕಥೆಯಲ್ಲಿ ಕೊಳ್ಳೇಗಾಲ ಬರುತ್ತದೆ. ಯಳಂದೂರು ಬರುತ್ತದೆ, ಅದೂ ಎರಡು ಸಲ! ಹನೂರೂ ಬರುತ್ತದೆ. ಎಲ್ಲಿ, ಹೇಗೆ ಎಂದು ಈಗಲೇ ಹೇಳುವುದಿಲ್ಲ. ಊಹಿಸುತ್ತಾ ಬನ್ನಿ.

ಕೆ.ಆರ್. ಮಾರುಕಟ್ಟೆ ಎದುರು ನಿಂತಿದ್ದೀರಿ ಎಂದುಕೊಳ್ಳಿ. ಕನಕಾಂಬರದ ಕುಕ್ಕೆ, ಸೇವಂತಿಗೆ ಮೂಟೆ, ‘ದಾರಿ ಬಿಡಿ ದಾರಿ ಬಿಡಿ’ ಎನ್ನುವ ಹಮಾಲಿ. ಬಸ್ಸಿನ ಹೊಗೆ. ತಲೆಯ ಮೇಲೆ ಮೇಲ್ಸೇತುವೆ. ಈಗ ದಕ್ಷಿಣಕ್ಕೆ ತಿರುಗಿ. ಕರೀ ಕಲ್ಲಿನ ಎತ್ತರದ ಗೋಡೆ. ಕಬ್ಬಿಣದ ಮೊಳೆ ಹೊಡೆದ ಭಾರೀ ಬಾಗಿಲು. ಅದೇ ಬೆಂಗಳೂರು ಕೋಟೆಯ ದೆಹಲಿ ಬಾಗಿಲು!

ನೂರಕ್ಕೆ ತೊಂಬತ್ತು ಜನ ಅದನ್ನು ನೋಡದೆ ದಾಟುತ್ತಾರೆ. ಇದು ನನ್ನ ಅಂದಾಜು, ಬೇಕಾದರೆ ಹತ್ತು ನಿಮಿಷ ಅಲ್ಲೇ ನಿಂತು ಎಣಿಸಿ!

ಆ ಕೋಟೆ ಎಷ್ಟು ದೊಡ್ಡದಿತ್ತು? ಮೊಟ್ಟೆಯ ಆಕಾರ. ಸುತ್ತಳತೆ ಸುಮಾರು ಒಂದು ಮೈಲಿ. ಸುತ್ತ ಅಗಲವಾದ ಕಂದಕ. ಗೋಡೆಯುದ್ದಕ್ಕೂ ಬುರುಜುಗಳು. ಎಷ್ಟು ಬುರುಜು? ನಾಲ್ಕು? ಎಂಟು? ಇಪ್ಪತ್ತಾರು! ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು.

ಅದರಲ್ಲಿ ಇವತ್ತು ಉಳಿದಿರುವುದು ಎಷ್ಟು? ಅರ್ಧ? ಕಾಲು ಭಾಗ? ನೂರಕ್ಕೆ ಐದು ಭಾಗ ಎನ್ನುತ್ತಾರೆ ಬಲ್ಲವರು. ಬರೀ ಐದು!

ಉಳಿದ ತೊಂಬತ್ತೈದು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ! ಅಲ್ಲೇ ಇದೆ. ರೋಗಿಗಳಿಗೆ ಮಂಚ ಹಾಕಿಕೊಂಡು, ಮಕ್ಕಳಿಗೆ ಪಾಠ ಹೇಳಿಕೊಂಡು, ದೇವರಿಗೆ ಮಂಗಳಾರತಿ ಎತ್ತಿಕೊಂಡು, ಹೂ ಮಾರಿಕೊಂಡು ಕೂತಿದೆ. ಇಡೀ ಮಿಲಿಟರಿ ನೆಲ ಒಂದು ಪೇಟೆಯಾಗಿಬಿಟ್ಟಿದೆ!

ಇನ್ನು ಕಥೆಯ ಬಿಸಿ ಭಾಗಕ್ಕೆ ಬರೋಣ.

1537ರಲ್ಲಿ ಕೆಂಪೇಗೌಡರು ಕಟ್ಟಿದ್ದು ಮಣ್ಣಿನ ಕೋಟೆ. ಮುಂದೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೊಘಲರಿಂದ ಬೆಂಗಳೂರನ್ನು ದುಡ್ಡು ಕೊಟ್ಟು ಕೊಂಡರು. ಹೌದು, ಇಡೀ ಊರನ್ನೇ! ಬೆಲೆ? 3 ಲಕ್ಷ ರೂಪಾಯಿ! ಈಗ ಆ ದುಡ್ಡಿಗೆ ಅಲ್ಲಿ ಒಂದು ಅಂಗಡಿಯ ಮುಂಗಡವೂ ಹುಟ್ಟುವುದು ಕಷ್ಟ. ಆ ಒಡೆಯರೇ ಕೋಟೆ ವೆಂಕಟರಮಣನ ಗುಡಿ ಕಟ್ಟಿಸಿದವರು. 1761ರಲ್ಲಿ ಹೈದರಾಲಿ ಮಣ್ಣಿನ ಕೋಟೆಯನ್ನು ಕಲ್ಲಿನ ಕೋಟೆ ಮಾಡಿಸಿದ. ಇಷ್ಟು ಸಾಕು. ಮುಂದಿನದು ಕೇಳಿ!

1791. ಮಾರ್ಚ್ 21. ರಾತ್ರಿ. ಬೆಳದಿಂಗಳು.

ಕೋಟೆಯ ಹೊರಗೆ ಕಂಪನಿ ಸರ್ಕಾರದ ದಂಡು. ಎರಡು ವಾರದ ಹಿಂದೆ, ಮಾರ್ಚ್ 7ರಂದೇ ಪೇಟೆ ಬಿದ್ದಿದೆ. ತೋಪಿನ ಹೊಡೆತಕ್ಕೆ ಕೋಟೆ ಗೋಡೆ ಒಂದು ಕಡೆ ಬಿರುಕು ಬಿಟ್ಟು ಕುಸಿದಿದೆ. ದಂಡಿನ ನಾಯಕ ಯಾರು? ಲಾರ್ಡ್ ಕಾರ್ನ್‌ವಾಲಿಸ್.

ಈ ಹೆಸರು ಇನ್ನೆಲ್ಲೋ ಕೇಳಿದ ಹಾಗಿದೆಯಲ್ಲ? ಜ್ಞಾಪಿಸಿಕೊಳ್ಳಿ!

ಅಮೆರಿಕ! 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಎದುರು ಸೋತು, ಬ್ರಿಟಿಷರ ಕೈಯಿಂದ ಅಮೆರಿಕ ಜಾರಿಹೋಗುವುದಕ್ಕೆ ಕಾರಣನಾದ ಅದೇ ಕಾರ್ನ್‌ವಾಲಿಸ್! ಹತ್ತು ವರ್ಷ ಕಳೆಯುವುದರೊಳಗೆ ಅವನು ನಮ್ಮ ಹೂವಿನ ಮಾರುಕಟ್ಟೆಯ ಜಾಗದಲ್ಲಿ ನಿಂತಿದ್ದಾನೆ!

ಆ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹದ್ದೂರ್ ಖಾನ್ ಕೊನೆಯವರೆಗೆ ಹೋರಾಡಿ ಅಲ್ಲೇ ಸತ್ತ. ಅವೆನ್ಯೂ ರಸ್ತೆ ತುದಿಯಲ್ಲಿ, ಗಾಡಿಗಳ ಗಲಾಟೆಯ ನಡುವೆ ಒಂದು ದರ್ಗಾ ಇದೆ. ಅದು ಆ ಕಿಲ್ಲೇದಾರನದೇ ಎಂದು ಜನ ನಂಬುತ್ತಾರೆ. ಗೋಡೆ ಒಡೆದ ಜಾಗವನ್ನು ಗುರುತಿಸುವ ಕಲ್ಲಿನ ಫಲಕ ಇವತ್ತಿಗೂ ಕೋಟೆಯ ಹೊರಗೋಡೆಯಲ್ಲಿದೆ. ಅದರ ಕಾಲಬುಡದಲ್ಲೇ ಸ್ಕೂಟರು ನಿಲ್ಲಿಸುತ್ತೇವೆ!

ಬ್ರಿಟಿಷರು ತಮ್ಮ ಸತ್ತವರಿಗೂ ಒಂದು ಸ್ತಂಭ ನಿಲ್ಲಿಸಿದ್ದರು, ಈಗಿನ ಹಡ್ಸನ್ ವೃತ್ತದ ಹತ್ತಿರ. ಹುಡುಕಬೇಡಿ, ಸಿಗುವುದಿಲ್ಲ. 1964ರಲ್ಲಿ ಅದನ್ನು ಕೆಡವಿದರು.

ಕೋಟೆ ಗೆದ್ದ ಕಾರ್ನ್‌ವಾಲಿಸ್ ಮುಂದೆ ಎತ್ತ ಹೊರಟ? ಶ್ರೀರಂಗಪಟ್ಟಣಕ್ಕೆ. ಯಾವ ದಾರಿಯಲ್ಲಿ? ಚನ್ನಪಟ್ಟಣದ ದಾರಿಯನ್ನು ಟಿಪ್ಪು ಕಾಯುತ್ತಿದ್ದ. ಅದಕ್ಕೇ ದಕ್ಷಿಣದ ಒರಟು ದಾರಿ ಹಿಡಿದ, ಕಾನಕಾನಹಳ್ಳಿ ಮೇಲೆ. ಕಾನಕಾನಹಳ್ಳಿ ಎಂದರೆ ಈಗಿನ ಕನಕಪುರ! ಕೊಳ್ಳೇಗಾಲದಿಂದ ಬೆಂಗಳೂರಿಗೆ ನೀವು ಬಸ್ಸಿನಲ್ಲಿ ತೂಕಡಿಸಿಕೊಂಡು ಹೋಗುತ್ತೀರಲ್ಲ, ಅದೇ ಕನಕಪುರ! ಟಿಪ್ಪು ದಾರಿಯುದ್ದಕ್ಕೂ ಹುಲ್ಲು ಮೇವು ಸುಡಿಸಿದ್ದ. ಎತ್ತುಗಳು ಸಾಲುಸಾಲಾಗಿ ಸತ್ತವು. ಕೊನೆಗೆ ಏನಾಯಿತು ಗೊತ್ತೆ? ಎಳೆಯಲು ಎತ್ತಿಲ್ಲದೆ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸು ಬಂದ!

ಮುಂದಿನ ವರ್ಷ ಒಪ್ಪಂದವಾಯಿತು. ಬೆಂಗಳೂರು ಟಿಪ್ಪುವಿಗೆ ಮರಳಿತು. ಆಗ ಟಿಪ್ಪು ಮಾಡಿದ್ದು ಏನು? ಕೋಟೆಯನ್ನು ಇನ್ನಷ್ಟು ಗಟ್ಟಿಮಾಡಿಸಿರಬೇಕು ಎಂದುಕೊಂಡಿರಾ? ತಪ್ಪು! ಕೆಡವಿಸಿದ! ಇಂಗ್ಲಿಷರನ್ನು ತಡೆಯಲಾಗದ ಕೋಟೆ ಅವರ ಕೈಗೆ ಮತ್ತೆ ಸಿಕ್ಕರೆ ಏನು ಗತಿ?

1799ರಲ್ಲಿ ಟಿಪ್ಪು ಮಡಿದ. ಈಗ ನಿಜವಾದ ಪ್ರಶ್ನೆ. ಬಿದ್ದ ಕೋಟೆಯನ್ನು ಎತ್ತಿ ನಿಲ್ಲಿಸಿದವರು ಯಾರು?

ಸುಳಿವು ಕೊಡುತ್ತೇನೆ. ಹೈದರನ ಬಳಿ ಕೆಲಸ ಮಾಡಿದವರು. ಟಿಪ್ಪುವಿನ ಖಜಾನೆ ನೋಡಿಕೊಂಡವರು. ಟಿಪ್ಪು ಸತ್ತಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ರಾಜ್ಯ ನಡೆಸಿದವರು. ಮೂವರು ಒಡೆಯರು, ಒಂದೇ ತಲೆ!

ದಿವಾನ್ ಪೂರ್ಣಯ್ಯ!

ಪೂರ್ಣಯ್ಯನವರ ಸೇವೆಗೆ 1807ರಲ್ಲಿ ಜಹಗೀರು ಸಿಕ್ಕಿತು. ಯಾವ ಊರು? ಮೈಸೂರಿನ ಪಕ್ಕದ ಫಲವತ್ತಾದ ಹಳ್ಳಿಯೋ, ಶ್ರೀರಂಗಪಟ್ಟಣದ ಗದ್ದೆ ಬಯಲೋ?

ಯಳಂದೂರು! ನಮ್ಮ ಯಳಂದೂರು! ಸುವರ್ಣಾವತಿ ಹೊಳೆಯ ಯಳಂದೂರು, ಗೌರೀಶ್ವರನ ಗುಡಿ ಮುಂದೆ ಬಳೆ ಮಂಟಪದಲ್ಲಿ ಕಲ್ಲಿನ ಸರಪಳಿ ಕೆತ್ತಿದ ಯಳಂದೂರು! ಬೆಂಗಳೂರು ಕೋಟೆಯ ಗೋಡೆಗೆ ಮತ್ತೆ ಕಲ್ಲು ಏರಿಸಿದವರ ಮನೆತನ ನಿಮ್ಮೂರಿನ ಜಹಗೀರ್ದಾರರ ಮನೆತನ. ಯಳಂದೂರಿನವರೇ, ಇದು ಮೊದಲನೇ ಸಲ. ಎರಡನೆಯದು ಮುಂದಿದೆ!

ಇಲ್ಲೊಂದು ವಿಚಿತ್ರ ಸೇರಿಸಿಬಿಡುತ್ತೇನೆ. ಟಿಪ್ಪು ಬಿದ್ದಮೇಲೆ ನಕಾಶೆ ಹರಿದು ಹಂಚಿದರಲ್ಲ, ಆಗ ಕೊಳ್ಳೇಗಾಲ ಕಂಪನಿ ಪಾಲಾಯಿತು. ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರವರೆಗೂ ಮದ್ರಾಸಿನ ಕಡೆಯೇ ಇತ್ತು. ಯಳಂದೂರು ಮಾತ್ರ ಮೈಸೂರಿನದು. ನಡುವೆ ಎಷ್ಟು ದೂರ? ಊಟ ಮುಗಿಸಿ ಹೊರಟರೆ ಸಂಜೆ ಕಾಫಿಗೆ ನಡೆದೇ ಮುಟ್ಟಬಹುದು! ಅಷ್ಟರಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರು!

ಹನೂರಿನವರು ಮುನಿಸಿಕೊಳ್ಳಬೇಡಿ, ನಿಮ್ಮ ಸರದಿಯೇ ಈಗ. ಮಲೆ ಮಹದೇಶ್ವರ ಬೆಟ್ಟದ ಸೀಮೆ ಎಂದರೆ ನಮಗೆ ಪರಿಷೆ, ಮುಡಿ, ಉಘೇ ಉಘೇ. ಅವತ್ತಿನ ದಂಡುಗಳಿಗೆ ಅದು ಏನಾಗಿತ್ತು ಗೊತ್ತೆ? ಘಟ್ಟ ಹತ್ತುವ ಹೆಬ್ಬಾಗಿಲು! ಕೆಳಗೆ ಕಾವೇರಿಪುರ, ಅಲ್ಲಿಂದ ಕಣಿವೆ ಏರಿ ಹನೂರು, ಕೊಳ್ಳೇಗಾಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ದಂಡು ಹಸಿವಿನಿಂದ ಕಂಗಾಲಾದಾಗ ದವಸಧಾನ್ಯಕ್ಕೆ ಕಣ್ಣುನೆಟ್ಟು ಕಾದದ್ದು ಇದೇ ಕಾವೇರಿಪುರ ಕಣಿವೆಯ ಕಡೆಗೆ! ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ಸೀಮೆ ಸುತ್ತಿ ಬರೆದಿಟ್ಟ. ಬೆಂಗಳೂರಿನಲ್ಲಿ ಈ ಪಾಳು ಕೋಟೆಯನ್ನು ನೋಡಿದ. ಆಮೇಲೆ ಹನೂರು, ಕೌದಳ್ಳಿ ದಾಟಿ ಅದೇ ಕಣಿವೆ ಇಳಿದ. ಬೆಂಗಳೂರು ಕೋಟೆಯ ವಿವರ, ಹನೂರಿನ ವಿವರ, ಎರಡೂ ಒಬ್ಬನದೇ ದಿನಚರಿಯಲ್ಲಿ!

ಸರಿ, ಕೋಟೆಗೆ ವಾಪಸು ಬರೋಣ.

1809. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ. ಬ್ರಿಟಿಷ್ ಪಡೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಬಂತು. ಹಲಸೂರಿನ ಕಡೆ ದಂಡು ಪ್ರದೇಶ ಎದ್ದಿತು. ಹಳೇ ಕೋಟೆ? ಮದ್ದುಗುಂಡಿನ ಉಗ್ರಾಣವಾಯಿತು!

ಆದರೆ ಮಜಾ ನೋಡಿ. ಸೈನ್ಯ ಪೂರ್ತಿ ಬಿಟ್ಟುಹೋಗುವ ಮೊದಲೇ ಈ ನೆಲ ವೇಷ ಬದಲಿಸಲು ಶುರುಮಾಡಿತ್ತು. ಕೋಟೆಯ ವೆಂಕಟರಮಣನ ಗುಡಿ ಪಕ್ಕ ಟಿಪ್ಪುವಿನ ಬೇಸಿಗೆ ಅರಮನೆ ಇದೆಯಲ್ಲ? 1781ರಲ್ಲಿ ಹೈದರ್ ಶುರುಮಾಡಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ತೇಗದ ಕಂಬ, ಬಣ್ಣದ ಗೋಡೆ. ಟಿಪ್ಪು ಬಾಲ್ಕನಿಯಲ್ಲಿ ಕೂತು ದರ್ಬಾರು ನಡೆಸುತ್ತಿದ್ದ ಜಾಗ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡ ಮೇಲೆ ಆ ಅರಮನೆಯಲ್ಲಿ ಏನಿಟ್ಟರು?

ಊಹಿಸಿ! ಮೂರು ಅವಕಾಶ ಕೊಡುತ್ತೇನೆ. ಗೆಸ್ಟ್ ಹೌಸ್? ಅಲ್ಲ. ಜೈಲು? ಅಲ್ಲ. ಕುದುರೆ ಲಾಯ? ಛೇ!

ಸರ್ಕಾರಿ ಕಚೇರಿ! ಇಡೀ ರಾಜ್ಯದ ಸಚಿವಾಲಯ! ಟಿಪ್ಪುವಿನ ಕಮಾನುಗಳ ಕೆಳಗೆ ಗುಮಾಸ್ತರು ಕಡತ ಬಿಚ್ಚಿದರು! ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ರಾಜ್ಯ ಆಳಿದ್ದು ಇಲ್ಲಿಂದಲೇ. 1868ರಲ್ಲಿ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟಿನ ಕಟ್ಟಡ, ಸಿದ್ಧವಾಗುವವರೆಗೂ ಹೀಗೇ ನಡೆಯಿತು. ಈಗಿನ ಹೈಕೋರ್ಟು, ವಿಧಾನಸೌಧ ಎಲ್ಲದಕ್ಕೂ ಮೂಲ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿ, ಕೋಟೆಯ ಒಳಗಿನ ಒಂದು ಮರದ ಅರಮನೆ!

ಅರಮನೆ ಯಾಕೆ ಉಳಿಯಿತು? ಗುಡಿ ಯಾಕೆ ಉಳಿಯಿತು? ನನಗನ್ನಿಸುವುದು ಇಷ್ಟೇ. ಎರಡೂ ದಿನಬಳಕೆಯಲ್ಲಿದ್ದವು. ಒಂದರಲ್ಲಿ ಕಡತ, ಇನ್ನೊಂದರಲ್ಲಿ ತೀರ್ಥ. ಗೋಡೆಗೆ ಮಾತ್ರ ಯಾರ ಬಳಕೆಯೂ ಇರಲಿಲ್ಲ.

1888ರಲ್ಲಿ ಕೋಟೆ ನಾಗರಿಕ ಆಡಳಿತದ ಕೈಗೆ ಬಂತು. ಮದ್ದುಗುಂಡು ಹೊರಗೆ! ಊರು ಒಳಗೆ!

ಇಲ್ಲಿಂದ ಶುರುವಾಗುತ್ತದೆ ನೋಡಿ ಓಟ! ಗೋಡೆ ಬಿಚ್ಚಿದರು, ರಸ್ತೆ ಬಂತು. ಕಂದಕ ಮುಚ್ಚಿದರು. ಪಶ್ಚಿಮಕ್ಕೆ 1892ರಲ್ಲಿ ಚಾಮರಾಜಪೇಟೆ ಎದ್ದಿತು, ಅಳತೆ ಹಿಡಿದು ಗೆರೆ ಎಳೆದ ಹೊಸ ಬಡಾವಣೆ.

1897. ಮೈಸೂರಿನಲ್ಲಿ ಆಳುತ್ತಿದ್ದವರು ಒಬ್ಬ ತಾಯಿ. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರು, ಆದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರೇ ರೀಜೆಂಟ್. ಅವರು ಇಲ್ಲಿ ಒಂದು ಅಡಿಗಲ್ಲು ಹಾಕಿದರು. ವಿಕ್ಟೋರಿಯಾ ಆಸ್ಪತ್ರೆ! ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಡಿಯಿತು. ಊರು ತತ್ತರಿಸಿತು. ಪೇಟೆಯ ಮನೆಗಳು ಬರಿದಾದವು, ಬಸವನಗುಡಿ ಮಲ್ಲೇಶ್ವರಗಳು ಹುಟ್ಟಿದವು. 1900ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ತೆರೆದವನು ವೈಸ್‌ರಾಯ್ ಕರ್ಜನ್. ನೂರು ವರ್ಷದ ಹಿಂದೆ ಗಾಯ ಮಾಡಿದ ನೆಲ ಈಗ ಗಾಯಕ್ಕೆ ಪಟ್ಟಿ ಕಟ್ಟತೊಡಗಿತು!

ಇನ್ನು ಕೊಳ್ಳೇಗಾಲದವರು ಎದ್ದು ಕೂರುವ ಹೊತ್ತು!

1905ರ ಆಗಸ್ಟ್ 5. ಸಂಜೆ. ಕೋಟೆಯ ಮಗ್ಗುಲಿನ ಪೇಟೆ. ಕತ್ತಲಾಗುತ್ತಿದೆ. ಇಷ್ಟು ದಿನ ಸೀಮೆಎಣ್ಣೆ ದೀಪ ಹಚ್ಚಲು ಆಳು ಬರುತ್ತಿದ್ದ. ಇವತ್ತು ಏಣಿ ಇಲ್ಲ, ಬೆಂಕಿಕಡ್ಡಿ ಇಲ್ಲ. ಆದರೂ ಬೀದಿದೀಪ ಹೊತ್ತಿಕೊಂಡವು!

ವಿದ್ಯುತ್ತು! ಬೆಂಗಳೂರಿನ ಬೀದಿಗೆ ಮೊದಲ ಕರೆಂಟು! ಏಷ್ಯಾದಲ್ಲೇ ಮೊದಲು ಎಂದು ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ಆ ಪಟ್ಟಕ್ಕೆ ಬೇರೆ ಊರುಗಳೂ ಜಗಳಕ್ಕೆ ಬರುತ್ತವೆ, ಅದು ಹಾಗಿರಲಿ.

ಕರೆಂಟು ಬಂದದ್ದು ಎಲ್ಲಿಂದ? ಶಿವನಸಮುದ್ರ! ಕಾವೇರಿ ಎರಡಾಗಿ ಸೀಳಿ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಕೊಳ್ಳೇಗಾಲ ತಾಲ್ಲೂಕಿನ ಭರಚುಕ್ಕಿಯಾಗಿ ಧುಮುಕುವ ಅದೇ ಶಿವನಸಮುದ್ರ! 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಎಷ್ಟು ದೂರ? 92 ಮೈಲಿ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಮೂರು ವರ್ಷದ ಮೇಲೆ ಅದೇ ಕಾವೇರಿಯ ಶಕ್ತಿ ಬೆಂಗಳೂರಿನ ಬೀದಿಗೆ ಬಂತು. ಕೊಳ್ಳೇಗಾಲದವರು ಆಗ ಮದ್ರಾಸಿನ ಪ್ರಜೆಗಳು. ತಮ್ಮ ಅಂಚಿನ ಹೊಳೆಯ ನೀರು ಮೈಸೂರು ಸಂಸ್ಥಾನದ ಊರಿಗೆ ದೀಪ ಹಚ್ಚುವುದನ್ನು ಆಚೆ ದಡದಿಂದ ನೋಡುತ್ತಿದ್ದರು!

ಆಗ ಮೈಸೂರಿನ ದಿವಾನರು ಯಾರು? ಈಗಲೇ ಓದುವುದನ್ನು ನಿಲ್ಲಿಸಿ ಊಹಿಸಿ. ಶೇಷಾದ್ರಿ ಅಯ್ಯರ್? ಶಿವನಸಮುದ್ರದ ಕೆಲಸಕ್ಕೆ ಕೈಹಾಕಿಸಿದವರು ಅವರೇ, ಆದರೆ 1901ರಲ್ಲೇ ತೀರಿಕೊಂಡರು. ವಿಶ್ವೇಶ್ವರಯ್ಯ? ಅವರು ದಿವಾನರಾಗಿದ್ದು 1912ರಲ್ಲಿ.

ಸರ್ ಪಿ.ಎನ್. ಕೃಷ್ಣಮೂರ್ತಿ! 1901ರಿಂದ 1906ರವರೆಗೆ ದಿವಾನರು. ಪೂರ್ಣಯ್ಯನವರ ವಂಶದ ಕುಡಿ. ಯಳಂದೂರಿನ ಐದನೇ ಜಹಗೀರ್ದಾರರು!

ಎರಡನೇ ಸಲ ಎಂದಿದ್ದೆನಲ್ಲ, ಇದೇ ಅದು! ಕೋಟೆಗೆ ಕಲ್ಲು ಏರಿಸಿದ್ದು ಆ ಮನೆತನದ ಹಿರಿಯ. ನೂರು ವರ್ಷದ ಮೇಲೆ ಅದೇ ಕೋಟೆಯ ಮಗ್ಗುಲಲ್ಲಿ ಕರೆಂಟಿನ ದೀಪ ಹೊತ್ತಿಕೊಂಡಾಗ ದಿವಾನಗಿರಿಯಲ್ಲಿದ್ದವರು ಅದೇ ಮನೆತನದ ಕಿರಿಯ. ನಡುವೆ ಯಳಂದೂರು! ಇದನ್ನು ಮೊದಲ ಸಲ ಜೋಡಿಸಿ ನೋಡಿದಾಗ ನನಗೆ ರೋಮ ನೆಟ್ಟಗಾಯಿತು. ನಿಮಗೆ ಆಗಲಿಲ್ಲವೆಂದರೆ ನಾನು ನಂಬುವುದಿಲ್ಲ!

ಉಳಿದದ್ದು ಸರಸರನೆ ನಡೆಯಿತು. 1907ರಲ್ಲಿ ಕೋಟೆ ಪ್ರೌಢಶಾಲೆಯ ಕಟ್ಟಡ. ಬುರುಜಿದ್ದ ಸೀಮೆಯಲ್ಲಿ ಮಗ್ಗಿ ಪಾಠ! 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆ. 1921ರಲ್ಲಿ ಮಾರುಕಟ್ಟೆ! ಸಿದ್ದಿಕಟ್ಟೆ ಎಂಬ ನೀರಿನ ಕಟ್ಟೆಯಿದ್ದ ಜಾಗ, ಮೈಸೂರು ಯುದ್ಧಗಳಲ್ಲಿ ರಣರಂಗವಾಗಿದ್ದ ಜಾಗ. ಅಲ್ಲಿ ಈಗ ಮಲ್ಲಿಗೆ ಮಾರಿನ ಲೆಕ್ಕ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿಲ್ಲ.

1935ರಲ್ಲಿ ವಾಣಿವಿಲಾಸ ಆಸ್ಪತ್ರೆ. ಹೆಸರುಗಳನ್ನು ಗಮನಿಸಿದಿರಾ? ಮಾರುಕಟ್ಟೆಗೂ ಮುಂದಿನ ರಸ್ತೆಗೂ ಮಗನ ಹೆಸರು, ಕೃಷ್ಣರಾಜೇಂದ್ರ. ಹೆರಿಗೆ ಆಸ್ಪತ್ರೆಗೆ ಅಮ್ಮನ ಹೆಸರು! ಅಮ್ಮ ಮಗ ಇಬ್ಬರೂ ನೂರು ಹೆಜ್ಜೆಯ ಅಂತರದಲ್ಲಿ! 1955ರಲ್ಲಿ ಅದರ ಮಗ್ಗುಲಿಗೇ ಬೆಂಗಳೂರು ಮೆಡಿಕಲ್ ಕಾಲೇಜು. ನಮ್ಮ ಕಡೆಯ ಎಷ್ಟು ಡಾಕ್ಟರುಗಳು ಅಲ್ಲಿ ಓದಿ ಬಂದರೋ!

2017ರ ಜೂನ್‌ನಲ್ಲಿ ಮೆಟ್ರೋ. ತೋಪು ಮಲಗಿದ್ದ ಆಳದಲ್ಲಿ ಈಗ ರೈಲು!

ಈಗ ಒಟ್ಟಿಗೆ ನೋಡಿ. ಗುಡಿ, ಅರಮನೆ, ಶಾಲೆ, ಕಾಲೇಜು, ಮೂರು ದೊಡ್ಡ ಆಸ್ಪತ್ರೆ, ಮಾರುಕಟ್ಟೆ, ಬಸ್ಸು, ರೈಲು, ಹಿಂದೆ ಗಲ್ಲಿಗಲ್ಲಿಗಳಲ್ಲಿ ಮನೆ. ಎಲ್ಲವೂ ಒಂದೇ ನಡಿಗೆಯಲ್ಲಿ! ಬೆಳಗ್ಗೆ ವೆಂಕಟರಮಣನಿಗೆ ಕೈಮುಗಿದು, ಅಮ್ಮನ ಕಣ್ಣು ಮಿಂಟೋದಲ್ಲಿ ತೋರಿಸಿ, ಹೂ ಕೊಂಡು, ಚಿಕ್ಕಪೇಟೆಗೆ ದಾಟಿ ಮದುವೆಗೆ ರೇಷ್ಮೆ ಸೀರೆ ನೋಡಿ, ಸಂಜೆ ಬಸ್ಸು ಹಿಡಿಯಬಹುದು. ಅಂದಹಾಗೆ ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವಾಗ ನೆನಪಿರಲಿ, ಕೊಳ್ಳೇಗಾಲದ ಮಗ್ಗದ ಸೀರೆ ಕೊಳ್ಳೇಗಾಲದಲ್ಲೇ ಸಿಗುತ್ತದೆ!

ಸೈನ್ಯದ ನೆಲ ಊರಾಗುವುದು ಜಗತ್ತಿಗೆ ಹೊಸದೇನಲ್ಲ. ವಿಯೆನ್ನಾದಲ್ಲಿ 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಕೋಟೆಗೋಡೆ ಕೆಡವಿ ಎಂದು ಅಪ್ಪಣೆ ಮಾಡಿದ. ಆ ಜಾಗದಲ್ಲಿ ಉಂಗುರದಂಥ ಭವ್ಯ ರಸ್ತೆ, ಸಂಗೀತ ಮಂದಿರ, ಸಂಸತ್ತು. ಮುಂಬಯಿಯೂ 1860ರ ದಶಕದಲ್ಲಿ ಕೋಟೆಗೋಡೆ ಕೆಡವಿತು. ಅಲ್ಲೆಲ್ಲ ದೊಡ್ಡ ಅಪ್ಪಣೆ, ದೊಡ್ಡ ಯೋಜನೆ.

ಬೆಂಗಳೂರು ಕೋಟೆಯಲ್ಲಿ? ಒಂದೇ ಸಲ ಕೂತು ಬರೆದ ನಕಾಶೆ ಕಾಣಿಸುವುದಿಲ್ಲ. ರೋಗಕ್ಕೊಂದು ಕಟ್ಟಡ, ಕಣ್ಣಿಗೊಂದು ಕಟ್ಟಡ, ಸೊಪ್ಪಿಗೊಂದು ಕಟ್ಟಡ. ಬೇಕಾದಾಗ ಬೇಕಾದ್ದು ಬಂದು ಕೂತಿತು. ಅದಕ್ಕೇ ಅಷ್ಟೊಂದು ಗೊಂದಲ, ಅದಕ್ಕೇ ಅಷ್ಟೊಂದು ಜೀವ! ಈಗಿನ ಬಡಾವಣೆಗಳಲ್ಲಿ ಆಟದ ಮೈದಾನಕ್ಕೊಂದು ಗೇಟು, ಅಂಗಡಿಗೊಂದು ಗೇಟು, ಬಡವರು ಬರದಂತೆ ಇನ್ನೊಂದು ಗೇಟು. ಇಲ್ಲಿ ಬುರುಜು ಕೆಡವಿ ಎಲ್ಲರನ್ನೂ ಒಳಗೆ ಬಿಟ್ಟರು!

ಕಲ್ಲು ಹೋದದ್ದಕ್ಕೆ ನಾನು ಬಹಳ ಅಳುವುದಿಲ್ಲ. ಗೋಡೆಗಿಂತ ಆಸ್ಪತ್ರೆ ದೊಡ್ಡದು. ಆದರೆ ನೂರಕ್ಕೆ ತೊಂಬತ್ತೈದು ಅಳಿಸಿದ್ದು ಜಾಸ್ತಿಯಾಯಿತು! ಇನ್ನೆರಡು ಬುರುಜು, ಒಂದು ತುಂಡು ಕಂದಕ ಇಟ್ಟಿದ್ದರೆ ಊರಿಗೆ ಏನು ನಷ್ಟವಾಗುತ್ತಿತ್ತು? ಮೈಸೂರು ಬಾಗಿಲು ಎಲ್ಲಿತ್ತೆಂದು ನಡುರಸ್ತೆಯಲ್ಲಿ ಒಂದು ಹಿತ್ತಾಳೆ ಗೆರೆಯಾದರೂ ಹಾಕಬಾರದೆ? ತೋಪು ಸಿಕ್ಕ ಮೆಟ್ರೋ ನಿಲ್ದಾಣದಲ್ಲಿ ದಿನಾ ಸಾವಿರಾರು ಜನ ಇಳಿಯುತ್ತಾರೆ. ಅವರ ಕಾಲಡಿ ಏನಿತ್ತು ಎಂದು ಕೂಗಿ ಹೇಳುವ ದೊಡ್ಡ ಫಲಕ ಅಲ್ಲಿ ಬೇಕೇ ಬೇಕು. ಕನ್ನಡದಲ್ಲಿ, ಮೊಳದುದ್ದದ ಅಕ್ಷರದಲ್ಲಿ!

ಕೊಳ್ಳೇಗಾಲ, ಹನೂರು, ಯಳಂದೂರಿನ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಿಮಗೊಂದು ಮನವಿ. ಈ ಸಲ ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೊರಟರೆ ನೀರಾಟದ ಪಾರ್ಕು ಅರ್ಧ ದಿನ ತಡವಾಗಲಿ. ಮಕ್ಕಳನ್ನು ಕೆ.ಆರ್. ಮಾರುಕಟ್ಟೆ ಮೆಟ್ರೋದಲ್ಲಿ ಇಳಿಸಿ. ದೆಹಲಿ ಬಾಗಿಲಿನ ಮೊಳೆಗಳನ್ನು ಮುಟ್ಟಿಸಿ. ಗೋಡೆಯ ಫಲಕ ಹುಡುಕಲು ಬಿಡಿ. ಅಲ್ಲಿಂದ ಟಿಪ್ಪು ಅರಮನೆಗೆ ನಡೆದು ಹೋಗುವಾಗ ದಾರಿಯಲ್ಲಿ ಕೇಳಿ, ‘ಈ ಕೋಟೆಯನ್ನು ಮತ್ತೆ ಕಟ್ಟಿಸಿದವರಿಗೆ ಜಹಗೀರಾಗಿ ಸಿಕ್ಕ ಊರು ಯಾವುದು?’ ಎಂದು. ಯಳಂದೂರಿನ ಒಂದು ಮಗುವಾದರೂ ಕೈಯೆತ್ತುವಂತೆ ಮೊದಲೇ ಪಾಠ ಮಾಡಿಕೊಂಡು ಹೋಗಿ!